ಫಾರಂ ನಂಬರ್ 7 ಮತ್ತು ಪೌರನೀತಿಯ ಪಾಠ

ಸಾಗರ ತಾಲ್ಲೂಕಿನ ಹಳ್ಳಿ ಹೈಸ್ಕೂಲುಗಳಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತಲೇ ನನ್ನ ಸರ್ವಿಸು ಮುಗಿಯಿತು. ಇತಿಹಾಸಕ್ಕೂ ಭೂಗೋಳಕ್ಕೂ ಸಿಗುವ ಮರ್ಯಾದೆ ಪೌರನೀತಿಗೆ ಯಾವತ್ತೂ ಸಿಕ್ಕಿದ್ದಿಲ್ಲ. ಅಂಕ ಕಡಿಮೆ, ಪಾಠ ಕೊನೆಗೆ, ಪೋರ್ಷನ್ ಮುಗಿಸುವ ಗಡಿಬಿಡಿಯಲ್ಲಿ ಓಡಿಸಿಬಿಡುವ ವಿಷಯ ಅದು. ವಿಧಾನಸಭೆಗೆ 224 ಜನ, ವಿಧಾನ ಪರಿಷತ್ತಿಗೆ 75, ನಮ್ಮಲ್ಲಿಂದ ಲೋಕಸಭೆಗೆ 28, ರಾಜ್ಯಸಭೆಗೆ 12. ಶಾಸಕನಾಗಲು 25 ವರ್ಷ ತುಂಬಿರಬೇಕು, ಪರಿಷತ್ತಿಗಾದರೆ 30. ಮಕ್ಕಳು ಇದನ್ನೆಲ್ಲ ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದರು. ಪರೀಕ್ಷೆ ಮುಗಿದ ಮೇಲೆ ಆ ಸಂಖ್ಯೆಗಳಿಗೂ ಅವರಿಗೂ ಸಂಬಂಧ ಇರುತ್ತಿರಲಿಲ್ಲ.

ಸ್ಟಾಫ್ ರೂಮಿನಲ್ಲಿ ಆಗಾಗ ಒಂದು ಮಾತು ಬರುತ್ತಿತ್ತು: "ನಮ್ಮ ಜನಕ್ಕೆ ಸರ್ಕಾರ ಅಂದ್ರೆ ಏನು ಅಂತಲೇ ಗೊತ್ತಿಲ್ಲ." ಪೇಟೆಯಲ್ಲಿ ಓದಿದವರು, ಪತ್ರಿಕೆಗೆ ಬರೆಯುವವರು ಈಗಲೂ ಇದನ್ನೇ ಹೇಳುತ್ತಾರೆ. ಈ ಮಾತನ್ನು ನಾನು ಒಪ್ಪಿದವನಲ್ಲ. ಗೊತ್ತಿದೆ. ಆದರೆ ಎಲ್ಲವೂ ಗೊತ್ತಿಲ್ಲ. ಯಾವುದು ಗೊತ್ತಿದೆ, ಯಾವುದು ಗೊತ್ತಿಲ್ಲ, ಗೊತ್ತಿದ್ದದ್ದು ಎಲ್ಲಿ ಕಳೆದುಹೋಗುತ್ತದೆ ಎಂಬುದನ್ನು ಹತ್ತಿರದಿಂದ ನೋಡುವ ಅವಕಾಶ ಮೇಷ್ಟರಾದವನಿಗೆ ಬೇರೆಯವರಿಗಿಂತ ಹೆಚ್ಚು ಸಿಗುತ್ತದೆ.

ನಾನು ಕೆಲಸಕ್ಕೆ ಸೇರುವ ಹೊತ್ತಿಗೆ ಕರ್ನಾಟಕದ ಮತದಾರರು ಇಡೀ ದೇಶ ತಿರುಗಿ ನೋಡುವಂಥ ಕೆಲಸ ಮಾಡಿದ್ದರು. 1984ರ ಡಿಸೆಂಬರಿನಲ್ಲಿ, ಇಂದಿರಾ ಗಾಂಧಿಯವರ ಹತ್ಯೆಯಾದ ಬೆನ್ನಿಗೇ ನಡೆದ ಲೋಕಸಭಾ ಚುನಾವಣೆಯಲ್ಲಿ ಇಲ್ಲಿನ 28 ಸ್ಥಾನಗಳಲ್ಲಿ 24 ಕಾಂಗ್ರೆಸ್ಸಿಗೆ ಹೋದವು. ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರು ನೈತಿಕ ಹೊಣೆ ಹೊತ್ತು ರಾಜೀನಾಮೆ ಕೊಟ್ಟು ವಿಧಾನಸಭೆಗೆ ಹೊಸದಾಗಿ ಜನಾದೇಶ ಕೇಳಿದರು. ಮೂರು ತಿಂಗಳೂ ಕಳೆದಿರಲಿಲ್ಲ, 1985ರ ಮಾರ್ಚಿನಲ್ಲಿ ಅದೇ ಜನ ಅವರ ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ದೆಹಲಿಯ ಸರ್ಕಾರ ಬೇರೆ, ಬೆಂಗಳೂರಿನ ಸರ್ಕಾರ ಬೇರೆ, ಎರಡಕ್ಕೂ ಅಳತೆಗೋಲು ಬೇರೆ ಎಂದು ತಿಳಿಯದವರು ಹೀಗೆ ಮತ ಹಾಕುವುದು ಸಾಧ್ಯವೇ? 1989ರ ನವೆಂಬರಿನಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಚುನಾವಣೆ ಬಂತು. ಹದಿನೆಂಟು ವರ್ಷದವರಿಗೆ ಮತದಾನದ ಹಕ್ಕು ಸಿಕ್ಕಿದ್ದೂ ಆ ವರ್ಷವೇ. ಘಟ್ಟದ ಅಂಚಿನ ಒಂದು ಬೂತಿಗೆ ನನಗೆ ಪೋಲಿಂಗ್ ಡ್ಯೂಟಿ ಬಿದ್ದಿತ್ತು. ಓದು ಬಾರದ ಹೆಂಗಸೊಬ್ಬಳು ತನ್ನ ಜೊತೆ ಮೊದಲ ಸಲ ಮತ ಹಾಕಲು ಬಂದಿದ್ದ ಮಗಳಿಗೆ ಬಾಗಿಲಲ್ಲೇ ಹೇಳಿಕೊಟ್ಟಳು: "ಒಂದು ದಿಲ್ಲಿಗೆ, ಒಂದು ಬೆಂಗ್ಳೂರಿಗೆ. ಎರಡನ್ನೂ ಒಂದೇ ಅಂತ ತಿಳ್ಕಬೇಡ." ಒಕ್ಕೂಟ ವ್ಯವಸ್ಥೆಯ ಪಾಠಕ್ಕೆ ನಾನು ಒಂದು ಪಿರಿಯಡ್ ಪೂರ್ತಿ ತೆಗೆದುಕೊಳ್ಳುತ್ತಿದ್ದೆ.

ಇನ್ನು ಫಾರಂ ನಂಬರ್ ಏಳರ ವಿಷಯಕ್ಕೆ ಬರುತ್ತೇನೆ. ಮಲೆನಾಡಿನವರಿಗೆ, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಕಡೆಯ ಓದುಗರಿಗಾಗಿ ಹೇಳುವುದಾದರೆ, ದೇವರಾಜ ಅರಸರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯ್ದೆ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಗೇಣಿಗೆ ಕೊಟ್ಟ ಜಮೀನೆಲ್ಲ ಅಂದಿನಿಂದ ಸರ್ಕಾರದ ವಶ. ಉಳುತ್ತಿದ್ದ ಗೇಣಿದಾರ ಏಳನೇ ನಮೂನೆಯಲ್ಲಿ ಅರ್ಜಿ ಹಾಕಬೇಕು. ನಮ್ಮ ಕಡೆ ಅದಕ್ಕೆ "ಡಿಕ್ಲರೇಷನ್ ಹಾಕೋದು" ಅಂತಲೇ ಹೆಸರು. ತಾಲ್ಲೂಕಿಗೊಂದು ಭೂ ನ್ಯಾಯಮಂಡಳಿ. ಅದಕ್ಕೆ ಅಸಿಸ್ಟೆಂಟ್ ಕಮಿಷನರು ಅಧ್ಯಕ್ಷರು, ಜೊತೆಗೆ ಸರ್ಕಾರ ನೇಮಿಸಿದ ಸದಸ್ಯರು, ಅವರಲ್ಲಿ ಪರಿಶಿಷ್ಟರೊಬ್ಬರು ಇರಲೇಬೇಕು. ಮಂಡಳಿಯ ಎದುರಿಗೆ ವಕೀಲರು ಹಾಜರಾಗುವಂತಿರಲಿಲ್ಲ. ಈ ನಿರ್ಬಂಧವನ್ನು ಸುಪ್ರೀಂ ಕೋರ್ಟು 1987ರಲ್ಲಿ ತೆಗೆದುಹಾಕಿತು, ಆದರೆ ಅಷ್ಟು ಹೊತ್ತಿಗೆ ನಮ್ಮೂರುಗಳ ಬಹುಪಾಲು ವಿಚಾರಣೆ ಮುಗಿದಿತ್ತು. ಅಂದರೆ ಒಡೆಯರ ಅಂಗಳದಲ್ಲಿ ತಲೆಯೆತ್ತಿ ನಿಲ್ಲದವರು ಸರ್ಕಾರಿ ಅಧಿಕಾರಿಯ ಎದುರು, ಅದೇ ಒಡೆಯರ ಸಮ್ಮುಖದಲ್ಲಿ, ತಮ್ಮ ಬಾಯಿಂದ ತಾವೇ ಹೇಳಿಕೊಳ್ಳಬೇಕಾಯಿತು.

ನಮ್ಮ ತಾಲ್ಲೂಕಿಗೆ ಇದರ ಮೊದಲ ಅಧ್ಯಾಯವೂ ಸೇರಿದೆ. ಕಾಗೋಡಿನ ಗೇಣಿದಾರರು 1951ರಲ್ಲಿ ಸತ್ಯಾಗ್ರಹಕ್ಕೆ ಇಳಿದರು. ಗೇಣಿ ಅಳೆಯುವ ಕೊಳಗದ ಗಾತ್ರದಿಂದ ಎದ್ದ ಜಗಳ ಅದು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಬೆಂಬಲ ಕೊಡಲು ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ಸಾಗರ-ಹೊಸನಗರ ಕ್ಷೇತ್ರದಿಂದ ಶಾಂತವೇರಿ ಗೋಪಾಲಗೌಡರು ವಿಧಾನಸಭೆಗೆ ಹೋದರು.

ಒಂಬತ್ತನೇ ತರಗತಿಯ ಹುಡುಗನೊಬ್ಬ ಭೂಸುಧಾರಣೆಯ ಪ್ರಶ್ನೆಗೆ ಚೆನ್ನಾಗಿ ಉತ್ತರ ಬರೆದಿದ್ದ. 1974, ದೇವರಾಜ ಅರಸು, ಉಳುವವನೇ ಹೊಲದೊಡೆಯ, ಎಲ್ಲ ಇತ್ತು. ಎರಡಕ್ಕೆ ಎರಡು ಅಂಕ ಕೊಟ್ಟೆ. ಪೇಪರು ಹಂಚುವಾಗ, ನಿಮ್ಮೂರಲ್ಲಿ ಯಾರಿಗಾದರೂ ಹೀಗೆ ಜಮೀನು ಬಂದಿದೆಯಾ ಎಂದು ಸುಮ್ಮನೆ ಕೇಳಿದೆ. "ಇಲ್ಲ ಸಾರ್. ನಮ್ಮದೆಲ್ಲ ಹಿರಿಯರಿಂದ ಬಂದಿದ್ದು" ಎಂದ. ಅವನ ಮನೆಯ ಒಂದೂವರೆ ಎಕರೆ ಅಡಿಕೆ ತೋಟ, ಗದ್ದೆ ಎರಡೂ ಡಿಕ್ಲರೇಷನ್ನಿನಲ್ಲಿ ಬಂದದ್ದೆಂದು ಊರಿಗೆಲ್ಲ ಗೊತ್ತು, ನನಗೂ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಅವನಿಗೊಬ್ಬನಿಗೇ. ಅಜ್ಜಿಯನ್ನು ಕೇಳಿಕೊಂಡು ಬಾ ಎಂದೆ. ಅವನು ಮಾರನೆಯ ದಿನ ಬಂದು, "ಅಜ್ಜಿ ನಿಮ್ಮನ್ನೇ ಕರೀತಾಳೆ" ಎಂದ.

ಹೋದೆ. ಅಜ್ಜಿ ಕಬ್ಬಿಣದ ಟ್ರಂಕು ತೆಗೆದು, ಮೇಲಿನ ಸೀರೆಗಳನ್ನು ಬದಿಗಿಟ್ಟು, ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿಟ್ಟ ಕಾಗದಗಳನ್ನು ಜಗುಲಿಯ ಮೇಲೆ ಹರಡಿದಳು. ಮಂಡಳಿಯ ಆದೇಶದ ನಕಲು, ಕಂದಾಯದ ರಶೀದಿ, ಹತ್ತನೇ ನಮೂನೆಯ ಅಧಿಭೋಗದಾರಿಕೆ ಪತ್ರ. ಆ ಪತ್ರ ಮಡಿಕೆಯ ಗೆರೆಯಲ್ಲೇ ಹರಿದು, ಹಿಂದಿನಿಂದ ಯಾವುದೋ ಹಳೇ ನೋಟ್‌ಬುಕ್ಕಿನ ಹಾಳೆ ಅಂಟಿಸಿಕೊಂಡು ನಿಂತಿತ್ತು. ಸರ್ವೆ ನಂಬರು ನೀಲಿ ಶಾಯಿಯಲ್ಲಿ, ಮೊಹರು ಅರ್ಧ ಮಾಸಿದೆ. ಅಕ್ಷರ ಬಾರದ ಆ ಹೆಂಗಸು ಪ್ರತಿ ಕಾಗದವನ್ನೂ ಮೊಹರು ನೋಡಿಯೇ ಗುರುತು ಹಿಡಿದು, ಯಾವ ಕಚೇರಿಯದು, ಯಾವಾಗ ಬಂದದ್ದು ಎಂದು ಹೇಳಿದಳು.

ಗಂಡ ತೀರಿಕೊಂಡಿದ್ದರಿಂದ ಮಂಡಳಿಯ ಮುಂದೆ ನಿಂತವಳು ಅವಳೇ. "ಗೇಣಿ ರಶೀದಿ ಇದೆಯಾ ಕೇಳಿದ್ರು. ರಶೀದಿ ಯಾರು ಕೊಡ್ತಿದ್ರು? ಇಲ್ಲ ಅಂದೆ. ಹಂಗಾದ್ರೆ ಚಕ್ಕುಬಂದಿ ಹೇಳು ಅಂದ್ರು. ಮೂಡಕ್ಕೆ ಹಳ್ಳ, ಹಳ್ಳದ ದಂಡೆ ಮೇಲೆ ಮತ್ತಿಮರ. ಪಡುವಕ್ಕೆ ಒಡೇರ ತ್ವಾಟದ ಅಗಳ. ತೆಂಕಕ್ಕೆ ಗಾಡಿದಾರಿ, ಬಡಗಕ್ಕೆ ನಮ್ಮ ಭಾವನೋರ ಗದ್ದೆ. ಯಾವ ಅಗಳ ಯಾವ ವರ್ಷ ಯಾರು ತೆಗೆದಿದ್ದು ಅಂತಾನೂ ಹೇಳ್ದೆ. ಪಕ್ಕದ ಗದ್ದೆಯೋರು ಸಾಕ್ಷಿ ಹೇಳಿದ್ರು." ಯಾರು ಅಧ್ಯಕ್ಷರು, ಯಾರು ಸದಸ್ಯರು, ತೀರ್ಪು ಒಪ್ಪದಿದ್ದರೆ ಒಡೆಯರು ಎಲ್ಲಿಗೆ ಹೋಗಬಹುದಿತ್ತು, ಎಲ್ಲವನ್ನೂ ಅವಳು ಬಲ್ಲಳು. "ಅವ್ರು ಹೈಕೋರ್ಟಿಗೆ ರಿಟ್ ಹಾಕ್ತೀವಿ ಅಂದ್ರು" ಎಂದು, ರಿಟ್ ಎಂಬ ಮಾತನ್ನು ನಮ್ಮ ಕಡೆಯ ಯಾವ ಪದವೀಧರನಿಗೂ ಕಡಿಮೆಯಿಲ್ಲದಷ್ಟು ಸರಾಗವಾಗಿ ಆಡಿದಳು. ಮೊಮ್ಮಗ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದ. ಇದನ್ನೆಲ್ಲ ಅವನಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ ಅಜ್ಜಿ ಕೊಟ್ಟ ಉತ್ತರ: "ಗೇಣಿ ಮಾಡ್ಕಂಡಿದ್ವಿ ಅಂತ ಮಕ್ಳಿಗೆ ಹೇಳದು ಎಂತಕ್ಕೆ? ಸಸಾರ ಆಗೋದು ಬ್ಯಾಡ ಅಂತ."

ಆ ಉತ್ತರದಲ್ಲಿ ನನಗೆ ಬಹಳ ಸಂಗತಿ ತಿಳಿಯಿತು. ಬಡತನದ ನೆನಪು ಬೇಡವೆಂದು ಮನೆ ಮಾತಾಡಲಿಲ್ಲ. ಶಾಲೆ ಇಸವಿಯನ್ನಷ್ಟೇ ಹೇಳಿತು. ನಡುವೆ ಒಂದು ತಲೆಮಾರಿನ ರಾಜಕೀಯ ತಿಳಿವಳಿಕೆ ಟ್ರಂಕಿನಲ್ಲೇ ಉಳಿಯಿತು. ಹುಡುಗ ಕಾನೂನಿನ ಹೆಸರು ಬರೆದು ಅಂಕ ತೆಗೆದುಕೊಂಡ. ಆ ಕಾನೂನಿನ ಅನ್ನವನ್ನೇ ಉಣ್ಣುತ್ತಿದ್ದೇನೆಂದು ಅವನಿಗೆ ತಿಳಿಯಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ವರ್ಷ ಒಂಬತ್ತನೇ ತರಗತಿಗೆ ಒಂದು ಕೆಲಸ ಕೊಟ್ಟೆ: ನಿಮ್ಮ ಮನೆಯ ಪಹಣಿ ಯಾರ ಹೆಸರಿನಲ್ಲಿದೆ, ಅದು ಹೇಗೆ ಬಂತು, ಮನೆಯ ಹಿರಿಯರಿಂದ ಕೇಳಿ ಬರೆದುಕೊಂಡು ಬನ್ನಿ. ಬಂದ ಬರಹಗಳನ್ನು ಇವತ್ತಿಗೂ ಮರೆತಿಲ್ಲ. ಹುಡುಗಿಯೊಬ್ಬಳು, ಗೇಣಿ ಅಕ್ಕಿಯನ್ನೇ ನಂಬಿ ಬದುಕಿದ್ದ ತನ್ನ ವಿಧವೆ ಅಜ್ಜಿ ಇದ್ದ ಒಂದೇ ಗದ್ದೆಯನ್ನು ಮಂಡಳಿಯಲ್ಲಿ ಕಳೆದುಕೊಂಡದ್ದನ್ನು ಬರೆದಳು. ಅದನ್ನು ಪಡೆದ ಮನೆಯ ಹುಡುಗ ಅದೇ ತರಗತಿಯಲ್ಲಿ ಕೂತಿದ್ದ. ಪರಿಹಾರ ಎಷ್ಟು ಬಂತು, ಅದು ಸಾಕಿತ್ತೇ, ಕಾನೂನು ದೊಡ್ಡ ಜಮೀನುದಾರನನ್ನೂ ಬಡ ವಿಧವೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಿದ್ದು ಸರಿಯೇ ಎಂದು ಇಬ್ಬರೂ ಏರುದನಿಯಲ್ಲಿ ವಾದ ಮಾಡಿದರು. ನಾನು ತಡೆಯಲಿಲ್ಲ. ಶಾಸನ ಸಭೆಯಲ್ಲಿ ಆಗಬೇಕಾದ ಚರ್ಚೆ ಅದು. ಇನ್ನೊಬ್ಬ ಶರಾವತಿಯ ಮುಳುಗಡೆಯಿಂದ ಎದ್ದುಬಂದ ಮನೆಯವನು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಅಜ್ಜನನ್ನು ಲಾರಿಯಲ್ಲಿ ತಂದು ಕಾಡಿನಲ್ಲಿ ಇಳಿಸಿದರು, ಇಲ್ಲಿ ಮಾಡ್ಕೊಳ್ಳಿ ಎಂದರು, ಕಾಗದ ಕೊಡಲಿಲ್ಲ ಎಂದು ಬರೆದಿದ್ದ. "ನಮ್ಮ ಮನೆಗೆ ಪಹಣಿ ಇಲ್ಲ" ಎಂಬುದು ಅವನ ಬರಹದ ಮೊದಲ ಸಾಲು. ನಾಡಿಗೆಲ್ಲ ಬೆಳಕು ಕೊಟ್ಟ ಯೋಜನೆಗಾಗಿ ಮನೆ ಬಿಟ್ಟವರ ಪೈಕಿ ಎಷ್ಟೋ ಕುಟುಂಬಗಳಿಗೆ ಹಕ್ಕುಪತ್ರದ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಆ ಕೇರಿಗಳಲ್ಲಿ ಡಿನೋಟಿಫಿಕೇಷನ್ ಎಂದರೇನು, ಯಾವ ಜಾಗ ಕಂದಾಯದ್ದು, ಯಾವುದು ಅರಣ್ಯದ್ದು ಎಂದು ಎಮ್ಮೆ ಕಾಯುವವರನ್ನು ಕೇಳಿದರೂ ಹೇಳುತ್ತಾರೆ.

ಬೀದರ್ ಕಡೆಯ ಮೇಷ್ಟರೊಬ್ಬರು ಕೆಲವು ಕಾಲ ನನ್ನ ಸಹೋದ್ಯೋಗಿಯಾಗಿದ್ದರು. ಆಗಸ್ಟ್ 15ರ ಧ್ವಜಾರೋಹಣ ಮುಗಿಸಿ ಕೂತಾಗ, "ನಮಗೆ ಸ್ವಾತಂತ್ರ್ಯ ಬಂದದ್ದು ಇವತ್ತಲ್ಲ, 1948ರ ಸೆಪ್ಟೆಂಬರ್ 17ಕ್ಕೆ" ಎಂದರು. ಮೈಸೂರು ಸೀಮೆಯ ನಮ್ಮಲ್ಲಿ ಹಲವರಿಗೆ ಅದು ಹೊಸ ಸುದ್ದಿ. ನಾವು ಮೈಸೂರು ಸಂಸ್ಥಾನದ ಕಥೆಯನ್ನೇ ಕರ್ನಾಟಕದ ಕಥೆ ಎಂದು ಓದಿ ಬೆಳೆದವರು: 1881ರಲ್ಲಿ ದಿವಾನ್ ರಂಗಾಚಾರ್ಲು ಶುರು ಮಾಡಿದ ಪ್ರಜಾಪ್ರತಿನಿಧಿ ಸಭೆ, 1947ರ ಮೈಸೂರು ಚಲೋ, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ. ನಿಜಾಮನ ಆಳ್ವಿಕೆಯಲ್ಲಿದ್ದ ಬೀದರ್, ಕಲಬುರ್ಗಿ, ರಾಯಚೂರು, ಮುಂಬಯಿಗೆ ಸೇರಿದ್ದ ಧಾರವಾಡ, ಬಿಜಾಪುರ, ಮದ್ರಾಸಿಗೆ ಸೇರಿದ್ದ ಮಂಗಳೂರು, ತನ್ನದೇ ವಿಧಾನಸಭೆಯಿದ್ದ ಕೊಡಗು, ಇವೆಲ್ಲ 1956ರ ನವೆಂಬರ್ 1ರಂದು ಒಂದಾದವು ಎಂಬುದು ನಮಗೆ ಒಂದು ವಾಕ್ಯ, ಅಷ್ಟೆ. ಅವರಿಗೆ ಅದು ನಿಜಾಮನ ಪರವಿದ್ದ ರಜಾಕಾರರ ಭಯಕ್ಕೆ ಊರು ಬಿಟ್ಟ ಅಪ್ಪನ ಕಥೆ. ಈಗ ಅವರ ಸೀಮೆಯ ಯಾವ ಕಾಲೇಜು ಹುಡುಗನನ್ನು ಮಾತಾಡಿಸಿದರೂ ಸಂವಿಧಾನದ ಒಂದು ವಿಧಿಯನ್ನಂತೂ ತಪ್ಪದೆ ಹೇಳುತ್ತಾನೆ: ತ್ರೀ ಸೆವೆಂಟಿ ಒನ್ ಜೆ. ವೈಜನಾಥ ಪಾಟೀಲರಂಥವರು ವರ್ಷಾನುಗಟ್ಟಲೆ ಹೋರಾಡಿದ ಮೇಲೆ 98ನೇ ತಿದ್ದುಪಡಿಯಿಂದ ಬಂದ ವಿಧಿ ಅದು; ಸೀಟೂ ನೌಕರಿಯೂ ಅದರ ಮೇಲೆ ನಿಂತಿವೆ. ಆದರೆ ಸೆಪ್ಟೆಂಬರ್ 17ರಂದು ಏನಾಯಿತು ಎಂದರೆ ಆ ಹುಡುಗರಲ್ಲಿ ಹಲವರು ತಡವರಿಸುತ್ತಾರೆ ಎಂದು ಆ ಮೇಷ್ಟರು ಫೋನಿನಲ್ಲಿ ನೊಂದುಕೊಳ್ಳುತ್ತಾರೆ. ಅಲ್ಲೂ ಅದೇ ಕಥೆ. ಹಕ್ಕು ಕೈಗೆ ಬಂದಿದೆ, ಅದು ಬಂದ ದಾರಿ ಮರೆತುಹೋಗಿದೆ.

ಇಷ್ಟೆಲ್ಲ ಬಲ್ಲ ಜನ ಸೋಲುವುದು ತಮ್ಮ ಮನೆಬಾಗಿಲ ಸರ್ಕಾರದ ಮುಂದೆ. ಇದನ್ನು ಬರೆಯಲು ಸಂಕಟವಾಗುತ್ತದೆ. ಅಬ್ದುಲ್ ನಜೀರ್ ಸಾಬ್ ಅವರು ಪಂಚಾಯಿತಿಗಳಿಗೆ ಜೀವ ಕೊಡಲು ಪಟ್ಟ ಪಾಡನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿದೆ. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಎನಿಸಿಕೊಂಡ ಆ ಮಂತ್ರಿ ತಂದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆಯಾಯಿತು. ನಾಲ್ಕನೇ ಒಂದು ಭಾಗ ಹೆಂಗಸರಿಗೆ ಮೀಸಲು, ಅದೂ ದೇಶದ ಸಂವಿಧಾನದಲ್ಲಿ ಅಂಥ ಮಾತು ಸೇರುವ ಮೊದಲೇ. 73ನೇ ತಿದ್ದುಪಡಿ ಜಾರಿಯಾದದ್ದು 1993ರ ಏಪ್ರಿಲ್ 24ಕ್ಕೆ. ಅದರ ಹಿಂದೆಯೇ ನಮ್ಮ ಹೊಸ ಪಂಚಾಯತ್ ರಾಜ್ ಕಾಯ್ದೆ ಬಂತು. ಸಂವಿಧಾನದ ಹನ್ನೊಂದನೇ ಅನುಸೂಚಿಯಲ್ಲಿ 29 ವಿಷಯಗಳಿವೆ, ಕುಡಿಯುವ ನೀರು, ರಸ್ತೆ, ಶಾಲೆ, ಆರೋಗ್ಯ ಎಲ್ಲ ಸೇರಿ. ಆದರೆ ಚರಂಡಿ ಕಟ್ಟಿದರೆ ನಮ್ಮವರು ಈಗಲೂ ಹೇಳುವುದು "ಎಂಎಲ್‌ಎ ಕೈಲಿ ಒಂದು ಮಾತು ಹೇಳ್ಸಿ" ಎಂದೇ. ಶಾಸಕ ಮದುವೆಗೆ ಬರಲಿಲ್ಲವೆಂದು ಮುನಿಸಿಕೊಳ್ಳುವವರು, ಆತ ಸದನದಲ್ಲಿ ಯಾವ ಮಸೂದೆಗೆ ಕೈ ಎತ್ತಿದ ಎಂದು ಕೇಳುವುದಿಲ್ಲ. ಪಂಚಾಯಿತಿ ಸದಸ್ಯನನ್ನಂತೂ ಮನೆ ಮಂಜೂರು ಮಾಡಿಸುವವನಾಗಿ ಮಾತ್ರ ಬಲ್ಲರು.

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಇದ್ದರೆ ಕೋರಂ. ನಾನಿದ್ದ ಒಂದು ಊರಿನಲ್ಲಿ ಈ ಕೋರಂ ಹೇಗೆ ತುಂಬುತ್ತಿತ್ತು ಎಂದು ನೋಡಿದ್ದೇನೆ. ಬಿಲ್ ಕಲೆಕ್ಟರು ಹಾಜರಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಮನೆಮನೆಗೆ ಬರುತ್ತಿದ್ದ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಹೆಂಗಸರು ಕೈ ಒರೆಸಿಕೊಂಡು ಸಹಿ ಹಾಕುತ್ತಿದ್ದರು. ಯಾತಕ್ಕೆ ಎಂದರೆ, "ಮೀಟಿಂಗಿಂದಂತೆ." ಮೀಟಿಂಗು ಮುಗಿದು ಎರಡು ದಿನವಾಗಿರುತ್ತಿತ್ತು. ಮಂಡಳಿಯ ಎದುರು ಚಕ್ಕುಬಂದಿ ಒಪ್ಪಿಸಿ ಭೂಮಿ ಗೆದ್ದ ಮನೆಗಳ ಸೊಸೆಯಂದಿರು ಇವರು. ಇವರಿಗೆ ಬುದ್ಧಿಯಾಗಲೀ ಧೈರ್ಯವಾಗಲೀ ಕಡಿಮೆಯಿರಲಿಲ್ಲ. ಈ ಸಹಿಗೆ ಬೆಲೆಯಿದೆ ಎಂದು ಯಾರೂ ಹೇಳಿರಲಿಲ್ಲ.

ಹೇಳಿದಾಗ ಏನಾಗುತ್ತದೆ ಎಂಬುದನ್ನೂ ಕಂಡಿದ್ದೇನೆ. ಮಾಹಿತಿ ಹಕ್ಕು ಬಂದ ಮೇಲೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, ಮದುವೆಯಾಗಿ ಅದೇ ಊರಿಗೆ ಬಂದವಳು, ಹತ್ತು ರೂಪಾಯಿ ಶುಲ್ಕ ಕಟ್ಟಿ ತನ್ನ ಕೇರಿಯ ಕಾಂಕ್ರೀಟ್ ರಸ್ತೆಯ ಎಸ್ಟಿಮೇಟ್, ಬಿಲ್ಲು ಎರಡನ್ನೂ ತೆಗೆಸಿದಳು. ಗ್ರಾಮಸಭೆಗೆ ಕೇರಿಯ ಹೆಂಗಸರನ್ನು ಕರೆದುಕೊಂಡು ಹೋಗಿ, ಬಿಲ್ಲಿನಲ್ಲಿದ್ದ ಉದ್ದವನ್ನು ಗಟ್ಟಿಯಾಗಿ ಓದಿ, "ಬನ್ನಿ, ಟೇಪ್ ಹಿಡಿಯೋಣ" ಎಂದಳು. ಇಂಜಿನಿಯರು, ಸದಸ್ಯರು ಎದ್ದು ಅವಳ ಹಿಂದೆ ನಡೆಯಲೇಬೇಕಾಯಿತು. ಅಳೆದರೆ ರಸ್ತೆ ಬಿಲ್ಲಿನಲ್ಲಿದ್ದಷ್ಟು ಉದ್ದವಿರಲಿಲ್ಲ. ಉಳಿದ ರಸ್ತೆ ಆ ಬೇಸಿಗೆಯಲ್ಲಿ ಪೂರ್ತಿಯಾಯಿತು. ಮುಂದಿನ ಸಭೆಗೆ ಕೋರಂ ಹುಡುಕಿಕೊಂಡು ಯಾರೂ ಮನೆಮನೆ ತಿರುಗಬೇಕಾಗಲಿಲ್ಲ. ಅರಣ್ಯ ಹಕ್ಕು ಕಾಯ್ದೆ ಬಂದು, ಸಾಗುವಳಿಯ ಅರ್ಜಿ ಮೊದಲು ಗ್ರಾಮಸಭೆಯ ಮುಂದೆಯೇ ಬರಬೇಕೆಂದು ತಿಳಿದಾಗಲೂ ಹೀಗೇ ಆಯಿತು. ಎಂದೂ ಬಾರದವರು ಬಂದು ಚಾಪೆ ಹಾಸಿಕೊಂಡು ಕೂತರು. ಮೂರು ತಲೆಮಾರಿನ, 75 ವರ್ಷಗಳ ದಾಖಲೆ ಕೇಳುವ ಆ ಕಾಯ್ದೆಯ ಷರತ್ತು ಎಷ್ಟೋ ಜನರ ಅರ್ಜಿಯನ್ನು ತಿಂದುಹಾಕಿತು, ಅದು ಬೇರೆ ನೋವು. ಆದರೆ ಸಭೆ ಸೇರುವುದನ್ನು ಅವರು ಕಲಿತರು.

ಇವತ್ತು ಧಾರವಾಡದ ಕೋಚಿಂಗ್ ಸೆಂಟರುಗಳಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಪರೀಕ್ಷೆಗೆ ಓದುವ ನನ್ನ ಕೆಲವು ಶಿಷ್ಯರಿಗೆ 243ನೇ ವಿಧಿಯ ಉಪವಿಧಿಗಳೆಲ್ಲ ಬಾಯಿಗೆ ಬರುತ್ತವೆ. ರಜೆಯಲ್ಲಿ ಊರಿಗೆ ಬಂದಾಗ, ನಿಮ್ಮ ವಾರ್ಡ್ ಸಭೆ ಎಲ್ಲಿ ನಡೆಯುತ್ತದೆ ಎಂದರೆ ಗೊತ್ತಿಲ್ಲ. 2023ರ ಸೆಪ್ಟೆಂಬರ್ 15ರಂದು ರಾಜ್ಯದ ಉದ್ದಗಲಕ್ಕೂ ಜನ ಸಂವಿಧಾನದ ಪೀಠಿಕೆ ಓದಿದರು. ನಾನೂ ನನ್ನ ಹಳೆಯ ಶಾಲೆಯ ಅಂಗಳದಲ್ಲಿ ಮಕ್ಕಳ ಜೊತೆ ನಿಂತು ಓದಿದೆ, ಮನಸ್ಸು ತುಂಬಿ ಬಂತು. ಅಂಥ ಓದು ಬೇಕು. ಅದರ ಮರುವಾರ ಅದೇ ಊರಿನ ಪಂಚಾಯಿತಿಯಲ್ಲಿ ವಾರ್ಡ್ ಸಭೆಯಿತ್ತು. ಪೀಠಿಕೆ ಓದಿದ ಮಕ್ಕಳನ್ನು ಅಲ್ಲಿಗೆ ಯಾರೂ ಕಳಿಸಲಿಲ್ಲ. ಮಕ್ಕಳ ಗ್ರಾಮಸಭೆ ಎಂಬುದು ನಮ್ಮ ರಾಜ್ಯದಲ್ಲಿ ವರ್ಷಕ್ಕೊಮ್ಮೆ ನಡೆಯಬೇಕು. ನಾನು ಕಂಡ ಹಲವು ಕಡೆ ಅದು ಹಾರ, ಭಾಷಣ, ಬಿಸ್ಕತ್ತಿನಲ್ಲಿ ಮುಗಿಯುತ್ತದೆ. ಶೌಚಾಲಯಕ್ಕೆ ನೀರಿಲ್ಲ ಎಂದು ಹುಡುಗಿಯೊಬ್ಬಳು ಎದ್ದು ಹೇಳಿದರೆ, ಅದು ನಡಾವಳಿ ಪುಸ್ತಕಕ್ಕೆ ಏರಿತೇ, ಮುಂದಿನ ಸಭೆಯಲ್ಲಿ ಉತ್ತರ ಬಂತೇ ಎಂದು ನೋಡುವವರು ಬೇಕು.

ಸಮಾಜ ವಿಜ್ಞಾನ ಹೇಳಿಕೊಡುತ್ತಿರುವ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನನ್ನದೊಂದು ಕೇಳಿಕೆ. 224, 75 ಎಂಬ ಸಂಖ್ಯೆಗಳನ್ನು ಹೇಳಿಕೊಡಿ, ಪರೀಕ್ಷೆಗೆ ಬೇಕು. ಅದರ ಜೊತೆಗೆ ಪ್ರತಿ ಮಗುವಿನ ಕೈಲಿ ಅವರ ಮನೆಯ ಪಹಣಿಯ ಕಥೆ ಬರೆಸಿ. ಪಹಣಿ ಇಲ್ಲದ ಮನೆಯಾದರೆ ಯಾಕೆ ಇಲ್ಲ ಎಂದು ಬರೆಸಿ. ಮಂಡಳಿಯ ಮುಂದೆ ನಿಂತು ಬಂದವರು ಬೆರಳೆಣಿಕೆಯಷ್ಟು ಉಳಿದಿದ್ದಾರೆ, ಅವರಿರುವಾಗಲೇ ಕೇಳಿಸಿ. ಮುಂದಿನ ಗ್ರಾಮಸಭೆಯ ನೋಟಿಸನ್ನು ಪಂಚಾಯಿತಿಯಿಂದ ತರಿಸಿ ಶಾಲೆಯ ಬೋರ್ಡಿಗೆ ಅಂಟಿಸಿ, ಹತ್ತನೇ ತರಗತಿಯವರನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಾದರೂ ಕೂರಿಸಿ. ಸಭೆ ಸಾರ್ವಜನಿಕರದು, ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ.